ಅಪ್ಪಯ್ಯನ ಅರ್ಥ ಹೊಸ ಫೋನಿಗೆ ತಿಳಿಯುತ್ತಿಲ್ಲ

ಪ್ರಶ್ನೆ: ನನಗೀಗ ಐವತ್ತೆಂಟು. ಮಗ ಹಳೆಯ ಆಂಡ್ರಾಯ್ಡ್ ಬಿಡಿಸಿ ಐಫೋನ್ ಕೊಡಿಸಿದ. ಫೋಟೋ, ನಂಬರುಗಳೆಲ್ಲ ಬಂದವು, ಹಾಡು ಮಾತ್ರ ಬರಲಿಲ್ಲ. ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಅಲ್ಲಿಂದ ತುಂಬಿಸಲು ನೋಡಿದೆವು. ಅರ್ಧ ಹೋದವು, ಇನ್ನರ್ಧವನ್ನು ಫೋನು ಒಪ್ಪಲೇ ಇಲ್ಲ. ಅವುಗಳಲ್ಲಿ ಸಿ.ಡಿ.ಗಳಿಂದ ಇಳಿಸಿಕೊಂಡ ಚಿತ್ರಗೀತೆ, ಭಾವಗೀತೆಗಳಿವೆ. ಅಪ್ಪಯ್ಯ ತಾಳಮದ್ದಲೆಯಲ್ಲಿ ಅರ್ಥ ಹೇಳಿದ್ದನ್ನು ನೋಕಿಯಾ ಫೋನಿನಲ್ಲಿ ಹಿಡಿದಿಟ್ಟ ರೆಕಾರ್ಡಿಂಗುಗಳೂ ಇವೆ. ಫೈಲಿನ ಹೆಸರಿನ ಕೊನೆಗೆ ಎಂಪಿ3 ಎಂದು ಬದಲಿಸಿದರೂ ಹಾಡಲಿಲ್ಲ. ‘ಎಲ್ಲಾ ಯೂಟ್ಯೂಬಲ್ಲೇ ಸಿಗ್ತದೆ, ಹಳೇ ಫೋನು ಎಕ್ಸ್‌ಚೇಂಜಿಗೆ ಕೊಡು’ ಅಂತಾನೆ ಮಗ. ಏನು ಮಾಡಲಿ?
— ಹೆಸರು ಬೇಡ, ಸಾಗರ

ಉತ್ತರ: ಸದ್ಯಕ್ಕೆ ಆ ಫೋನನ್ನಾಗಲೀ ಕಾರ್ಡನ್ನಾಗಲೀ ಯಾರ ಕೈಗೂ ಕೊಡಬೇಡಿ. ‘ಬಿಟ್ಟು ಹೋಗಿ ಸಾರ್, ಸಂಜೆಗೆ ಕನ್ವರ್ಟ್ ಮಾಡಿಡ್ತೀನಿ’ ಎನ್ನುವ ಮೊಬೈಲ್ ಅಂಗಡಿಗೂ ಬೇಡ.

ನಿಮ್ಮ ಮಗ ಹೇಳುವುದರಲ್ಲಿ ಅರ್ಧ ಸರಿ. ಚಿತ್ರಗೀತೆ, ಭಾವಗೀತೆಗಳಲ್ಲಿ ಬಹುಪಾಲು ಇವತ್ತು ಯಾವುದಾದರೊಂದು ಆಪ್‌ನಲ್ಲಿ ಸಿಗುತ್ತವೆ. ಆದರೆ ನಿಮ್ಮ ಅಪ್ಪಯ್ಯನ ಅರ್ಥಗಾರಿಕೆ ಯಾವ ಯೂಟ್ಯೂಬಿನಲ್ಲೂ ಇಲ್ಲ. ಹಾಗಾಗಿ ಕೆಲಸ ಅಲ್ಲಿಂದಲೇ ಶುರುವಾಗಲಿ.

ಆ ಕಾಲದ ನೋಕಿಯಾ ಫೋನುಗಳು ಧ್ವನಿಯನ್ನು ಹೆಚ್ಚಾಗಿ ಎಎಂಆರ್ ಎಂಬ ರೂಪದಲ್ಲಿ ಉಳಿಸುತ್ತಿದ್ದವು. ಫೋನಿನ ಮಾತುಕತೆಗೆಂದೇ ಹುಟ್ಟಿದ್ದು ಅದು. ಸೆಕೆಂಡಿಗೆ 8,000 ಸಲ ಮಾತ್ರ ಧ್ವನಿಯ ಮಾದರಿ ತೆಗೆಯುತ್ತದೆ, ಸಿ.ಡಿ.ಯಲ್ಲಾದರೆ 44,100 ಸಲ. ಹಾಗಾಗಿ ಭಾಗವತರ ಪದ್ಯ, ಮದ್ದಲೆ, ಚಂಡೆ ಮಂಕಾಗಿ ಕೇಳಿಸಿದರೆ ಅಚ್ಚರಿಯಿಲ್ಲ. ಅರ್ಥದ ಮಾತು ಮಾತ್ರ ಸ್ಪಷ್ಟವಾಗಿರುವ ಸಾಧ್ಯತೆ ಹೆಚ್ಚು. ಐಫೋನಿನ ಮ್ಯೂಸಿಕ್ ಆಪ್ ಈ ಫೈಲನ್ನು ಸೇರಿಸಿಕೊಳ್ಳುವುದಿಲ್ಲ, ಅಷ್ಟೇ. ಫೈಲು ಹಾಳಾಗಿಲ್ಲ.

ಕಾರ್ಡನ್ನು ರೀಡರಿಗೆ ಹಾಕಿ ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿ, ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಡಿ. ನೋಕಿಯಾ ಸೆಟ್ಟು ಇನ್ನೂ ಮನೆಯಲ್ಲಿದ್ದರೆ ಅದರ ಒಳಗಿನ ಮೆಮೊರಿಯಲ್ಲೂ ಹುಡುಕಿ. ಹೆಸರು ಬದಲಿಸಿದ ಫೈಲುಗಳಿಗೆ ಹಳೆಯ ಹೆಸರನ್ನೇ ಮರಳಿ ಕೊಡಿ; ಸಾರಿನ ಪುಡಿ ಡಬ್ಬಿಗೆ ಹುಳಿಪುಡಿ ಎಂದು ಚೀಟಿ ಅಂಟಿಸಿದರೆ ಒಳಗಿನ ಪುಡಿ ಬದಲಾದೀತೇ? ಆಮೇಲೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ಹಾಕಿಕೊಳ್ಳಿ. ಕಿತ್ತಳೆ ಬಣ್ಣದ ಟ್ರಾಫಿಕ್ ಕೋನಿನ ಚಿತ್ರವಿರುವ ಈ ಪ್ಲೇಯರ್‌ಗೆ ದುಡ್ಡು ಕೊಡಬೇಕಿಲ್ಲ. ಅದರ ‘ಮೀಡಿಯಾ’ ಮೆನುವಿನ ಕನ್ವರ್ಟ್ ಆಯ್ಕೆಯಲ್ಲಿ ಎಂಪಿ3 ಆರಿಸಿ, ಪ್ರತಿಯೊಂದಕ್ಕೂ ಹೊಸ ಪ್ರತಿ ಮಾಡಿಸಿ. ಕಡಿಮೆ ಗುಣಮಟ್ಟದ ಧ್ವನಿಯನ್ನು ಎಷ್ಟು ದೊಡ್ಡ ಬಿಟ್‌ರೇಟಿಗೆ ಏರಿಸಿದರೂ ಜಾಗ ಹೋಗುತ್ತದೆಯೇ ಹೊರತು ಸ್ವರ ಸುಧಾರಿಸದು. ಪರಿವರ್ತಿಸಿದ್ದನ್ನೇ ಮತ್ತೆ ಮತ್ತೆ ಪರಿವರ್ತಿಸಿದರೆ ಇನ್ನಷ್ಟು ಕೆಡುತ್ತದೆ. ಮುಂದೆ ಬೇರೆ ರೂಪ ಬೇಕಾದಾಗಲೂ ಮೂಲದಿಂದಲೇ ಮಾಡಬೇಕು, ಆದ್ದರಿಂದ ಎಎಂಆರ್ ಫೈಲುಗಳನ್ನು ಅಳಿಸಬೇಡಿ. ಪುಕ್ಕಟೆ ಪರಿವರ್ತನೆಯ ವೆಬ್‌ಸೈಟುಗಳಿಗೆ ಮನೆಯವರ ಧ್ವನಿಯನ್ನು ಏರಿಸುವ ಅಗತ್ಯವೇನೂ ಇಲ್ಲ.

ಸಿ.ಡಿ. ಹಾಡುಗಳ ಫೈಲಿನ ಹೆಸರು ಡಬ್ಲ್ಯೂಎಂಎ ಎಂದು ಮುಗಿಯುತ್ತಿರಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವಿಂಡೋಸ್ ಮೀಡಿಯಾ ಪ್ಲೇಯರ್, ಬೇರೆ ಹೇಳದಿದ್ದರೆ, ಸಿ.ಡಿ.ಯನ್ನು ಮೈಕ್ರೋಸಾಫ್ಟಿನ ಆ ರೂಪಕ್ಕೇ ಇಳಿಸುತ್ತಿತ್ತು. ಅನೇಕ ಆಂಡ್ರಾಯ್ಡ್ ಫೋನುಗಳೂ ಅದನ್ನು ಹಾಡುತ್ತಿದ್ದುದರಿಂದ ಇಷ್ಟು ವರ್ಷ ನಿಮಗೆ ಗೊತ್ತಾಗಲಿಲ್ಲ. ವಿಎಲ್‌ಸಿಯಲ್ಲಿ ಹಾಡಿದರೆ ಎಂಪಿ3 ಮಾಡಿಕೊಳ್ಳಿ. ಹಾಡದಿದ್ದರೆ, ಇಳಿಸುವಾಗ ನಕಲು ತಡೆಯುವ ಬೀಗ ಬಿದ್ದಿರಬಹುದು. ಆ ಬೀಗದ ಪರವಾನಗಿ ಅಂದಿನ ಕಂಪ್ಯೂಟರಿಗೇ ಅಂಟಿರುತ್ತದೆ. ಅದರ ಹಿಂದೆ ಬೀಳಬೇಡಿ. ಸಿ.ಡಿ. ಇದ್ದರೆ ಮತ್ತೆ ಇಳಿಸಿ, ಇಲ್ಲವಾದರೆ ಮಗ ಹೇಳಿದಂತೆ ಆಪ್‌ನಲ್ಲೇ ಕೇಳಿ.

ಇಷ್ಟೆಲ್ಲ ಮಾಡುವ ಮೊದಲೇ ಕೇಳುವ ಆಸೆಯಿದ್ದರೆ ಐಫೋನಿಗೂ ವಿಎಲ್‌ಸಿ ಇದೆ. ಒಂದೇ ವೈಫೈನಲ್ಲಿರುವ ಕಂಪ್ಯೂಟರಿನಿಂದ ಮೂಲ ಫೈಲುಗಳನ್ನೇ ಅದಕ್ಕೆ ಕಳಿಸಬಹುದು.

ಇನ್ನು ನೀವು ಕೇಳದ ಒಂದು ವಿಷಯ. ಆ ರೆಕಾರ್ಡಿಂಗುಗಳಿಗೆ ಫೋನು ತಾನೇ ಕೊಟ್ಟ ಅಂಕಿಗಳ ಹೆಸರಿರಬಹುದು. ಅದರಿಂದ ಯಾವ ಕೂಟ, ಯಾವ ಪ್ರಸಂಗ ಎಂದು ನಿಮ್ಮ ಮೊಮ್ಮಕ್ಕಳಿಗೆ ತಿಳಿಯುವುದು ಹೇಗೆ? ಅಪ್ಪಯ್ಯನದು ವಾಲಿಯೋ, ಕೃಷ್ಣನೋ, ಎದುರು ಅರ್ಥ ಹೇಳಿದವರು ಯಾರು, ಭಾಗವತರು ಯಾರು, ಯಾರ ಮನೆಯ ಚಪ್ಪರದಲ್ಲಿ ನಡೆದದ್ದು, ಇಷ್ಟನ್ನು ಪ್ರತಿ ಫೈಲಿನ ಹೆಸರಿಗೆ ಸೇರಿಸಿ. ಫೈಲನ್ನು ಯಾವ ಫೋನಿಗೆ ಬೇಕಾದರೂ ಹೊಂದಿಸುವ ಸಾಫ್ಟ್‌ವೇರ್ ಸಿಗುತ್ತದೆ, ಈ ವಿವರ ತುಂಬಿಕೊಡುವಂಥದ್ದು ಸಿಗದು. ಅಂದು ಆ ಕೂಟದಲ್ಲಿ ಕೂತಿದ್ದ ಹಿರಿಯರು ಊರಲ್ಲಿ ಇನ್ನೂ ಇದ್ದರೆ ಈ ವಾರವೇ ಅವರ ಮನೆಗೆ ಹೋಗಿ, ಒಟ್ಟಿಗೆ ಕೂತು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಮಗನನ್ನೂ ಕರೆದುಕೊಂಡು ಹೋಗಿ.