ಸೊನ್ನೆ ದಿನದ ರಕ್ತ: ಬಿಳಿ ಇಲಿಗಳಿಂದ ಕಲಿತದ್ದು

ಭದ್ರಾವತಿಯಲ್ಲಿ ಮನೆ, ಶಿವಮೊಗ್ಗದಲ್ಲಿ ಕೆಲಸ. ಬೆಳಗಿನ ಬಸ್ಸು ನಿದಿಗೆ ದಾಟುವಷ್ಟರಲ್ಲಿ ತಲೆಯೊಳಗೆ ಇಲಿಗಳ ಎಣಿಕೆ ಶುರುವಾಗಿರುತ್ತದೆ. ಪಶುರೋಗದ ಪ್ರಯೋಗಾಲಯದಲ್ಲಿ ನಾನು ಸಾಕುವುದು ಬಿಳಿ ಚಿಟ್ಟಿಲಿಗಳನ್ನು. ಅವುಗಳ ರಕ್ತದಲ್ಲಿ ಸಾಕುವುದು ಟ್ರಿಪನೊಸೋಮಾ ಇವಾನ್ಸಿ ಎಂಬ ಪರಾವಲಂಬಿಯನ್ನು. ದನ, ಎಮ್ಮೆ, ಕುದುರೆ, ನಾಯಿಗಳಿಗೆ ಸರ್ರಾ ರೋಗ ತರುವುದು ಇದೇ. ರಕ್ತ ಹೀರುವ ದೊಡ್ಡ ನೊಣಗಳ ಬಾಯಿಗೆ ಅಂಟಿ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಪಂಜಾಬಿನಲ್ಲಿ ಇದನ್ನು ಮೊದಲು ಕಂಡರು. 2000ರಲ್ಲಿ ಒಡಿಶಾದ ನಂದನಕಾನನ ಮೃಗಾಲಯದ ಹುಲಿಗಳನ್ನು ಬಲಿ ತೆಗೆದುಕೊಂಡದ್ದೂ ಇದೇ. ಇದರ ವಿರುದ್ಧ ಇಲಿಯ ಮೈ ಕಟ್ಟುವ ಪ್ರತಿಕಾಯವನ್ನು ಅಳೆಯುತ್ತ, ಎಡವುತ್ತ ಕಲಿತದ್ದಿಷ್ಟು.

1. ಸೊನ್ನೆ ದಿನದ ರಕ್ತ ತೆಗೆದಿಡದೆ ಸೋಂಕು ಚುಚ್ಚಬೇಡಿ.
ಪ್ರತಿಕಾಯ ಏರಿತು ಅನ್ನಬೇಕಾದರೆ ಎಲ್ಲಿಂದ ಏರಿತು ಎಂದು ಗೊತ್ತಿರಬೇಕು. ಹಾಗೆಂದು ದುರಾಸೆಯೂ ಬೇಡ. 25 ಗ್ರಾಂ ತೂಗುವ ಇಲಿಯ ಮೈಯಲ್ಲಿರುವ ರಕ್ತವೇ 2 ಎಂಎಲ್‌ಗಿಂತ ಕಡಿಮೆ. ಒಂದು ಸಲಕ್ಕೆ ಅದರ ಹತ್ತನೇ ಒಂದು ಪಾಲೇ ಮಿತಿ. ಅದರಲ್ಲಿ ಅರ್ಧದಷ್ಟು ಸೀರಮ್ ಸಿಕ್ಕರೆ ಪುಣ್ಯ. ಅದನ್ನೂ ನಾಲ್ಕೈದು ಪುಟ್ಟ ಟ್ಯೂಬುಗಳಿಗೆ ಹಂಚಿ ಫ್ರೀಜರಿಗಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದರೆ ಕರಗಿ ಹೆಪ್ಪುಗಟ್ಟುವ ಸೀರಮ್ಮಿನ ಮೇಲೆ ಭರವಸೆ ಇಡಲಾಗದು.

2. ಕೇಜಿನ ಹೊಟ್ಟನ್ನೂ ಅನುಮಾನಿಸಿ.
ನಮ್ಮಲ್ಲಿ ಇಲಿಗಳಿಗೆ ಹಾಸುವುದು ಭತ್ತದ ಹೊಟ್ಟು. ರೈಸ್ ಮಿಲ್ಲಿನಲ್ಲಿ ಬೀದಿ ಇಲಿಗಳೂ ಸಂಸಾರ ಹೂಡಿರುತ್ತವೆ. ಒಂದು ಜುಲೈನಲ್ಲಿ ಆಟೊಕ್ಲೇವ್ ಕೆಟ್ಟಿತ್ತು. ಎರಡು ಮೂಟೆ ಹೊಟ್ಟನ್ನು ಹಾಗೇ ಹಾಕಿಬಿಟ್ಟೆವು. ಮುಂದೆ ಸೋಂಕು ಚುಚ್ಚದ ಇಲಿಗಳ ಪ್ರತಿಕಾಯದ ಲೆಕ್ಕವೂ ಏರುಪೇರಾಯಿತು. ಬಾಲದ ಬುಡಕ್ಕೆ ಸೆಲ್ಲೊಟೇಪ್ ಒತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಒಂದು ಬದಿ ಚಪ್ಪಟೆಯಾದ ಉದ್ದನೆ ಮೊಟ್ಟೆಗಳು: ಕರುಳಿನ ಸೂಜಿಹುಳು. ಒಂದು ಪರಾವಲಂಬಿಯ ಲೆಕ್ಕ ಮಾಡಲು ಹೋಗಿ ಎರಡನ್ನು ಸಾಕಿದ್ದೆವು.

3. ಪ್ರತಿಕಾಯಕ್ಕೆ ದಿನ ಬೇಕು, ಇಲಿಗೆ ಅಷ್ಟು ದಿನ ಇರುವುದಿಲ್ಲ.
ಸ್ವಿಸ್ ತಳಿಯ ಇಲಿಗೆ ಈ ಸೋಂಕು ತಗುಲಿದರೆ ನಾಲ್ಕೈದು ದಿನಕ್ಕೆ ಸ್ಲೈಡಿನ ತುಂಬ ಹಾವಿನಮರಿಗಳಂತೆ ಹೊರಳಾಟ. ಸಾಮಾನ್ಯವಾಗಿ ವಾರ ಕಳೆಯುವುದರೊಳಗೆ ಸಾವು. ಐಜಿಎಂ ಎಂಬ ಪ್ರತಿಕಾಯ ಬೇಗ ತಲೆ ಎತ್ತುತ್ತದೆ, ಐಜಿಜಿ ಎಂಬುದಕ್ಕೆ ಇನ್ನಷ್ಟು ದಿನ ಬೇಕು. ಡಿಮಿನಜಿನ್ ಔಷಧಿ ಕೊಟ್ಟು ಇಲಿಯನ್ನು ಉಳಿಸಿಕೊಂಡರೆ ಮಾತ್ರ ಆ ಕಥೆಯ ಎರಡನೇ ಅರ್ಧ ಕಾಣುತ್ತದೆ. ಎಷ್ಟು ಸೋಂಕಿಗೆ ಪ್ರಯೋಗ ನಿಲ್ಲಿಸಬೇಕು ಎಂಬುದನ್ನು ನೈತಿಕ ಸಮಿತಿಯ ಮುಂದೆ ಮೊದಲೇ ಬರೆದುಕೊಡಿ. ಇಲಿ ಮುದುಡಿ ಕೂತ ಮೇಲೆ ಯೋಚಿಸುವ ವಿಷಯ ಅದಲ್ಲ.

4. ಸೀರಮ್ ಹಾಕದ ವೆಲ್ ಒಂದಿರಲಿ.
ಪ್ರತಿಕಾಯ ಅಳೆಯುವ ನನ್ನ ಮೊದಲ ಎಲೈಜಾ ಪರೀಕ್ಷೆಯಲ್ಲಿ ಪ್ಲೇಟಿನ 96 ವೆಲ್‌ಗಳೂ ಕಡುನೀಲಿಯಾದವು. ಸೋಂಕಿನವು, ಸೋಂಕಿಲ್ಲದವು ಎಲ್ಲ ಒಂದೇ. ಪ್ಲೇಟು ಸರಿಯಾಗಿ ತೊಳೆದಿಲ್ಲವೆಂದು ಮೂರು ದಿನ ತೊಳೆದದ್ದೇ ತೊಳೆದದ್ದು. ಕೊನೆಗೆ ಒಂದು ಸಾಲಿಗೆ ಸೀರಮ್ಮೇ ಹಾಕಲಿಲ್ಲ, ಅದೂ ನೀಲಿಯಾಯಿತು! ಆಗ ಹೊಳೆಯಿತು. ತಳಕ್ಕೆ ಅಂಟಿಸಿದ್ದ ಆಂಟಿಜೆನ್ನನ್ನು ಇಲಿಯ ರಕ್ತದಿಂದಲೇ ತೆಗೆದಿದ್ದೆ. ಪರಾವಲಂಬಿಯ ಜೊತೆ ಇಲಿಯ ಪ್ರತಿಕಾಯವೂ ಬಂದು ತಳಕ್ಕೆ ಕೂತಿತ್ತು. ಇಲಿಯ ಪ್ರತಿಕಾಯ ಕಂಡರೆ ಬಣ್ಣ ಕೊಡು ಎಂದು ನಾನು ಹಾಕಿದ ಕಾಂಜುಗೇಟ್ ತನ್ನ ಕೆಲಸ ನಿಷ್ಠೆಯಿಂದ ಮಾಡಿತ್ತು. ದೊಡ್ಡಿಲಿಯಲ್ಲಿ ಬೆಳೆಸಿ ನೋಡಿದೆ, ಪೂರ್ತಿ ಪಾರಾಗಲಿಲ್ಲ, ಎರಡೂ ದಾಯಾದಿಗಳೇ. ರಕ್ತಕಣ ಹಿಡಿದಿಟ್ಟು ಪರಾವಲಂಬಿಯನ್ನು ಮಾತ್ರ ಇಳಿಸುವ ಡಿಇಎಇ ಸೆಲ್ಯುಲೋಸ್ ಕಾಲಂ ಮೂಲಕ ಹಾಯಿಸಿ, ಮತ್ತೆ ಮತ್ತೆ ತೊಳೆದ ಮೇಲೆ ಖಾಲಿ ವೆಲ್ ಬಿಳಿಯಾಗಿ ಉಳಿಯಿತು.

5. ಈ ಜೀವಿ ಅಂಗಿ ಬದಲಿಸುತ್ತದೆ.
ಅದರ ಮೈಮೇಲಿನ ಪ್ರೋಟೀನ್ ಹೊದಿಕೆಯನ್ನು ಗುರುತಿಸಿ ಇಲಿಯ ಐಜಿಎಂ ಬೆನ್ನಟ್ಟುವಷ್ಟರಲ್ಲಿ, ಕೆಲವು ಬೇರೆ ಹೊದಿಕೆ ತೊಟ್ಟು ತಪ್ಪಿಸಿಕೊಂಡಿರುತ್ತವೆ; ಉಳಿದು ಬೆಳೆಯುವುದು ಅವೇ. ಸೋಂಕು ಅಲೆಅಲೆಯಾಗಿ ಏರಿಳಿಯುವುದು ಹೀಗೆ. ಸಾಲದ್ದಕ್ಕೆ ಪ್ರತಿಕಾಯ ತಯಾರಿಸುವ ಬಿ ಕಣಗಳು ಗಲಿಬಿಲಿಗೊಂಡು ಸಂಬಂಧವಿಲ್ಲದ ಐಜಿಎಂ ಕೂಡ ಸುರಿಸುತ್ತವೆ. ಒಟ್ಟು ಪ್ರತಿಕಾಯ ಹೆಚ್ಚಿದೆ ಎಂದು ಹಿಗ್ಗುವ ಮುನ್ನ ಅದು ಯಾವ ಅಂಗಿಯ ವಿರುದ್ಧದ್ದು ಎಂದು ಕೇಳಿ.

6. ಪ್ರತಿಕಾಯ ಹೆಜ್ಜೆಗುರುತು.
ಭದ್ರಾವತಿ ಕಡೆಯ ರೈತರೊಬ್ಬರ ಎಮ್ಮೆಗೆ ಚಿಕಿತ್ಸೆಯಾಗಿ ಮೂರು ತಿಂಗಳಾಗಿತ್ತು. ನಮ್ಮ ಪರೀಕ್ಷೆಯಲ್ಲಿ ಪ್ರತಿಕಾಯ ಇನ್ನೂ ಜೋರಾಗಿತ್ತು.

"ಅಂದ್ರೆ ರೋಗ ಇನ್ನೂ ಒಳಗೇ ಐತಾ ಸಾರ್? ಇನ್ನೊಂದು ಸೂಜಿ ಹಾಕಿಸ್ಲಾ?"

"ತಡೀರಿ ಗೌಡ್ರೇ. ಬಂದಿತ್ತು ಅಂತ ಮಾತ್ರ ಇದು ಹೇಳುತ್ತೆ. ಇದೆಯೋ ಇಲ್ಲವೋ, ಇಲಿ ಹೇಳಲಿ."

ಎಮ್ಮೆಯ ರಕ್ತವನ್ನು ಎರಡು ಇಲಿಗಳಿಗೆ ಚುಚ್ಚಿ, ದಿನ ಬಿಟ್ಟು ದಿನ ಬಾಲದ ತುದಿಯ ಹನಿ ನೋಡಿದೆ. ತಿಂಗಳಾದರೂ ಸ್ಲೈಡ್ ಸ್ವಚ್ಛ. ಇಲಿಗಳು ಸೊನ್ನೆ ದಿನದಂತೆಯೇ ಹೊಟ್ಟು ಕೆದರಿಕೊಂಡು ಓಡಾಡುತ್ತಿದ್ದವು. ಸೂಜಿ ಬೇಡವೆಂದು ಗೌಡರಿಗೆ ಫೋನ್ ಮಾಡಿ, ಸಂಜೆಯ ಬಸ್ಸು ಹತ್ತಿದೆ.