ಬ್ಯಾಟರಿ ಬದಲಿಸುವ ಮುನ್ನ ವೋಲ್ಟ್ ಅಳೆಯಿರಿ

ಮಳೆಗಾಲ ಶುರುವಾಯಿತೆಂದರೆ ಮಲೆನಾಡಿನ ಬ್ಯಾಟರಿ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಬೆಳಿಗ್ಗೆ ಸೆಲ್ಫ್ ಎತ್ತಲಿಲ್ಲ, ಟಕ್ ಟಕ್ ಎಂದು ಸುಮ್ಮನಾಯಿತು ಎಂದರೆ ಸಾಕು, ‘ಬ್ಯಾಟರಿ ಹೋಗಿದೆ’ ಎಂಬ ತೀರ್ಮಾನ ಆಗಿಬಿಡುತ್ತದೆ. ಹೊಸದು ಕೂರಿಸಿದ ಮೇಲೆ ಕೆಲವು ವಾರ ಗಾಡಿ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ರಾಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಸಕಲೇಶಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾ, ಹಳೆಯದೊಂದು ಪೆಟ್ರೋಲ್ ಕಾರನ್ನು ವರ್ಷಗಳಿಂದ ಓಡಿಸುತ್ತಾ ಬಂದ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಗಾಡಿ ಸ್ಟಾರ್ಟ್ ಮಾಡುವುದಷ್ಟೇ ಬ್ಯಾಟರಿಯ ಮುಖ್ಯ ಕೆಲಸ. ಆಮೇಲೆ ಲೈಟು, ವೈಪರ್, ಬ್ಲೋಯರ್, ಇಗ್ನಿಷನ್ ಎಲ್ಲಕ್ಕೂ ಕರೆಂಟ್ ಕೊಟ್ಟು, ಬ್ಯಾಟರಿಯನ್ನೂ ತುಂಬಿಸಬೇಕಾದದ್ದು ಆಲ್ಟರ್ನೇಟರ್. ಎಂಜಿನ್ನಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ಒಳಗಿನ ರೋಟರ್‌ಗೆ ಎರಡು ಕಾರ್ಬನ್ ಬ್ರಶ್‌ಗಳ ಮೂಲಕ ಸ್ವಲ್ಪ ಕರೆಂಟ್ ಹೋಗಿ ಅದು ಅಯಸ್ಕಾಂತವಾಗುತ್ತದೆ. ಸುತ್ತಲಿನ ಸ್ಟೇಟರ್ ಸುರುಳಿಗಳಲ್ಲಿ ಹುಟ್ಟುವ ಎ.ಸಿ. ಕರೆಂಟನ್ನು ಡಯೋಡ್‌ಗಳು ಡಿ.ಸಿ. ಆಗಿಸುತ್ತವೆ. ವೋಲ್ಟೇಜ್ 14ರ ಆಸುಪಾಸಿನಲ್ಲಿ ನಿಲ್ಲುವಂತೆ ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಕಾಣುವ ಲಕ್ಷಣ ಒಂದೇ: ಬ್ಯಾಟರಿ ಡೌನ್.

ನನ್ನ ಕಾರಿನಲ್ಲಿ ಕಂಡದ್ದು ವಿಚಿತ್ರವಾದ ಲಕ್ಷಣ. ಹಗಲಲ್ಲಿ ಯಾವ ತೊಂದರೆಯೂ ಇಲ್ಲ. ರಾತ್ರಿ ಮಳೆಯಲ್ಲಿ ಶಿರಾಡಿ ಘಾಟಿ ಹತ್ತುವಾಗ ಮಾತ್ರ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಮಂಕಾಗಿ ಉರಿಯುತ್ತಿತ್ತು. ಹೆಡ್‌ಲೈಟ್ ಆರಿಸಿದರೆ ಇನ್ನಷ್ಟು ಮಂಕು, ಬ್ಲೋಯರ್ ಹಾಕಿದರೆ ತುಸು ಪ್ರಖರ. ಬ್ಯಾಟರಿ ಅಂಗಡಿಯವರು ಹೊಸ ಬ್ಯಾಟರಿ ಎಂದರು. ಗ್ಯಾರೇಜಿನವರು ಆಲ್ಟರ್ನೇಟರನ್ನೇ ಬದಲಿಸಿಬಿಡೋಣ ಎಂದರು. ಮೀಟರ್ ಮುಟ್ಟಿದವರು ಮಾತ್ರ ಯಾರೂ ಇಲ್ಲ. ನಾವೆಲ್ಲ ‘ಭಾಯಿ’ ಎಂದೇ ಕರೆಯುವ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಗಾಡಿ ಒಯ್ದೆ.

ಭಾಯಿ ಎಂಜಿನ್ ಚಾಲೂ ಇಡಲು ಹೇಳಿ, ಹೆಡ್‌ಲೈಟ್, ಬ್ಲೋಯರ್, ವೈಪರ್ ಎಲ್ಲ ಹಾಕಿಸಿ, ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಮಲ್ಟಿಮೀಟರ್ ಹಿಡಿದರು. 12.9 ವೋಲ್ಟ್. ಬ್ಯಾಟರಿ ಸರಿಯಾಗಿ ಚಾರ್ಜ್ ಆಗಲು ಅದು ಸಾಲದು. ‘ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ ಮೇಷ್ಟ್ರೇ. ಆಲ್ಟರ್ನೇಟರ್ ಮೇಲೂ ಇಟ್ಟು ನೋಡೋಣ, ತಡೀರಿ’ ಎಂದು ಅದರ ಬೆನ್ನಿನ ದಪ್ಪ ಬೋಲ್ಟಿಗೆ, ಅಂದರೆ ಬಿ ಪ್ಲಸ್ ಟರ್ಮಿನಲ್‌ಗೆ, ಕೆಂಪು ಪ್ರೋಬ್ ತಾಗಿಸಿದರು. ಅಲ್ಲಿ 14.2. ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಲೇ ಇತ್ತು. ನಡುವಿನ ಕೇವಲ ಒಂದು ವೈರಿನಲ್ಲಿ 1.3 ವೋಲ್ಟ್ ಸೋರಿಹೋಗುತ್ತಿತ್ತು.

1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಅದು ಬಾನೆಟ್ಟಿನ ಕೆಳಗೆ ಇಷ್ಟು ಸ್ಪಷ್ಟವಾಗಿ ಕಂಡದ್ದು ಅಂದೇ. ಎಲ್ಲ ಲೋಡ್ ಹಾಕಿದಾಗ ಆ ವೈರಿನಲ್ಲಿ ಸುಮಾರು 25 ಆಂಪಿಯರ್ ಹರಿಯುತ್ತದೆ. ರೋಧ ಬರೀ 0.05 ಓಮ್ ಇದ್ದರೂ ಸಾಕು, 1.25 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹಗಲಲ್ಲಿ ಏಳೆಂಟು ಆಂಪಿಯರ್ ಹರಿದರೆ ನಷ್ಟ 0.4 ವೋಲ್ಟ್ ಮಾತ್ರ, ಬ್ಯಾಟರಿ ಚಾರ್ಜ್ ಆಗುತ್ತದೆ. ರಾತ್ರಿ ಮಳೆಯಲ್ಲಿ ಮಾತ್ರ ತೊಂದರೆ ಏಕೆ ಎಂಬುದಕ್ಕೆ ಉತ್ತರ ಸಿಕ್ಕಿತು. ಮಂಕು ದೀಪಕ್ಕೂ ಅದೇ ಕಾರಣ. ಆ ದೀಪದ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ಆಲ್ಟರ್ನೇಟರ್ ಕಡೆಗೆ. ಎರಡೂ ಕಡೆ ವೋಲ್ಟೇಜ್ ಸಮವಾಗಿದ್ದರೆ ದೀಪ ಆರಿರುತ್ತದೆ. ಸಮ ತಪ್ಪಿದಷ್ಟೂ ಉರಿಯುತ್ತದೆ. ಇನ್ನೊಂದು ಮಾತು: 0.05 ಓಮ್‌ನಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರ್ ನಂಬುವಂತೆ ತೋರಿಸುವುದಿಲ್ಲ. ವೈರ್ ‘ಬೀಪ್’ ಎಂದಿತು ಎಂದಾಕ್ಷಣ ಅದು ಚೆನ್ನಾಗಿದೆ ಎಂದಲ್ಲ. ಕರೆಂಟ್ ಹರಿಯುವಾಗಲೇ ವೋಲ್ಟೇಜ್ ಅಳೆಯಬೇಕು.

ಎಂಜಿನ್ ನಿಲ್ಲಿಸಿ, ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಆಮೇಲೆಯೇ ಭಾಯಿ ಆ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. ಬಿ ಪ್ಲಸ್‌ನಲ್ಲಿ ಸದಾ ಕರೆಂಟ್ ಇರುವುದರಿಂದ ಈ ಕ್ರಮ ತಪ್ಪಬಾರದು. ರಬ್ಬರ್ ಟೊಪ್ಪಿಗೆ ಸರಿಸಿದರೆ ವೈರಿನ ತುದಿಯ ಲಗ್ಗಿನ ತುಂಬ ಹಸಿರು ಕಿಲುಬು. ವೈರಿನ ಎಳೆಗಳು ಕಪ್ಪಾಗಿದ್ದವು, ಹೊದಿಕೆ ಕಾದು ಕಾದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮೂವತ್ತು ವ್ಯಾಟ್‌ಗೂ ಹೆಚ್ಚು ಶಾಖ ಅಷ್ಟು ಪುಟ್ಟ ಜಾಗದಲ್ಲಿ ಹುಟ್ಟುತ್ತಿದ್ದಾಗ ಇನ್ನೇನಾದೀತು? ಕೆಟ್ಟ ಭಾಗ ಕತ್ತರಿಸಿ, ಹೊಸ ಲಗ್ ಒತ್ತಿ, ಬೋಲ್ಟನ್ನು ಎಮರಿ ಪೇಪರಿನಿಂದ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಎಲ್ಲ ಲೋಡ್ ಹಾಕಿ ಮತ್ತೆ ಅಳೆದಾಗ ಬ್ಯಾಟರಿಯ ಮೇಲೆ 14ಕ್ಕೂ ಮೇಲಿತ್ತು. ಬ್ಯಾಟರಿಯೂ ಹಳೆಯದೇ, ಆಲ್ಟರ್ನೇಟರ್ ಕೂಡ ಹಳೆಯದೇ.

ಅಂದಿನಿಂದ ನಾನು ಪಾಲಿಸುವ ಕ್ರಮ ಇದು. ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಕೆಂಪು ದೀಪ ನೋಡಿ. ಅದು ಉರಿಯಲೇಬೇಕು. ಹಳೆಯ ಗಾಡಿಗಳಲ್ಲಿ ಆ ದೀಪದ ಮೂಲಕವೇ ರೋಟರ್‌ಗೆ ಮೊದಲ ಕರೆಂಟ್ ಹೋಗುವುದರಿಂದ ಬಲ್ಬ್ ಹೋಗಿದ್ದರೂ ಚಾರ್ಜ್ ನಿಲ್ಲಬಹುದು. ಬಳಿಕ ಬೆಲ್ಟ್ ನೋಡಿ: ಸಡಿಲವೇ, ಹೊಳಪು ಬಂದು ಜಾರುತ್ತಿದೆಯೇ? ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಅತಿಯಾಗಿ ಚಾರ್ಜ್ ಆಗುತ್ತಿದೆ. ಆಮೇಲೆ ಲೋಡ್ ಹಾಕಿ, ಬಿ ಪ್ಲಸ್‌ನಿಂದ ಬ್ಯಾಟರಿಯ ಪಾಸಿಟಿವ್‌ವರೆಗೆ, ಆಲ್ಟರ್ನೇಟರ್ ಮೈಯಿಂದ ನೆಗೆಟಿವ್‌ವರೆಗೆ ನೇರವಾಗಿ ಅಳೆಯಿರಿ. ಯಾವ ಕಡೆಯಲ್ಲಾದರೂ 0.2, 0.3 ವೋಲ್ಟ್‌ಗಿಂತ ಹೆಚ್ಚು ಕಂಡರೆ ವೈರ್ ಅಥವಾ ಅರ್ತಿಂಗ್ ಸರಿಯಿಲ್ಲ. ಇವೆಲ್ಲ ಸರಿಯಿದ್ದೂ ಬಿ ಪ್ಲಸ್‌ನಲ್ಲೇ ಬೇಕಾದಷ್ಟು ವೋಲ್ಟೇಜ್ ಇಲ್ಲದಿದ್ದರೆ ಮಾತ್ರ ಆಲ್ಟರ್ನೇಟರ್ ಬಿಚ್ಚಿಸಿ. ಆಗಲೂ ಸವೆದಿರುವುದು ಎಷ್ಟೋ ಸಲ ಬರೀ ಕಾರ್ಬನ್ ಬ್ರಶ್. ಇತ್ತೀಚಿನ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಳಿಸುವುದರಿಂದ ಒಂದೇ ರೀಡಿಂಗ್ ನೋಡಿ ತೀರ್ಪು ಕೊಡಬಾರದು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಗಾಡಿ ನಿಲ್ಲದಿದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ’ ಎಂದು ಪರೀಕ್ಷಿಸುವವರು ಇನ್ನೂ ಇದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಆ ಕ್ಷಣ ಏರುವ ವೋಲ್ಟೇಜ್ ಡಯೋಡ್‌ಗಳನ್ನೂ ಗಾಡಿಯ ಕಂಪ್ಯೂಟರಾದ ಇಸಿಯುವನ್ನೂ ಸುಟ್ಟುಹಾಕಬಲ್ಲದು.

ದಾರಿಯಲ್ಲಿ ಕೆಂಪು ದೀಪ ಪೂರ್ತಿ ಉರಿದರೆ ಮೊದಲು ಬೆಲ್ಟ್ ಇದೆಯೇ ನೋಡಿ. ಅನೇಕ ಕಾರುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಅದು ತುಂಡಾಗಿದ್ದೂ ಮುಂದೆ ಓಡಿಸಿದರೆ ಎಂಜಿನ್ನೇ ಸೀದುಹೋಗುತ್ತದೆ. ಬೆಲ್ಟ್ ಇದ್ದರೆ ಎ.ಸಿ., ಬ್ಲೋಯರ್ ಆರಿಸಿ, ಎಂಜಿನ್ ನಿಲ್ಲಿಸದೆ ಹತ್ತಿರದ ಊರು ಸೇರಿ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಒಂದೆರಡು ಗಂಟೆ ಬಾಳಿದರೆ ಹೆಚ್ಚು.

ಕೆಲವೇ ನೂರು ರೂಪಾಯಿಗೆ ಒಳ್ಳೆಯ ಮಲ್ಟಿಮೀಟರ್ ಸಿಗುತ್ತದೆ, ಡಿಕ್ಕಿಯಲ್ಲಿ ಒಂದಿರಲಿ. ಅಳೆಯಲು ಬಾರದಿದ್ದರೂ ಚಿಂತೆಯಿಲ್ಲ. ಯಾರಾದರೂ ಬ್ಯಾಟರಿಯನ್ನೋ ಆಲ್ಟರ್ನೇಟರನ್ನೋ ಬದಲಿಸಬೇಕು ಎಂದಾಗ, ದುಡ್ಡು ಕೊಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ‘ಎಲ್ಲಿ ಎಷ್ಟು ವೋಲ್ಟ್ ಬಂತು?’ ಉತ್ತರ ಇಲ್ಲದಿದ್ದರೆ ಬೇರೆ ಎಲೆಕ್ಟ್ರಿಷಿಯನ್ ಬಳಿ ಹೋಗಿ.