ಗಾಡಿ ಯಾಕೆ ಎಳೀತಿಲ್ಲ?

ನಾವು ಹನ್ನೊಂದು ಜನ ಹೆಂಗಸರು. ಹೊಸಕೋಟೆ ತಾಲ್ಲೂಕಿನವರು. ನಮ್ಮ ತೋಟದಲ್ಲಿ ಸೇವಂತಿಗೆ, ಗುಲಾಬಿ, ಕನಕಾಂಬರ ಬೆಳೀತೀವಿ. ಹೂವನ್ನು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹಾಕ್ತೀವಿ. ಮೊದಲು ಒಬ್ಬೊಬ್ಬರೂ ಮೂಟೆ ಹೊತ್ತು ಬಸ್ಸಿಗೆ ಕಾಯ್ತಿದ್ದೆವು. ಆಮೇಲೆ ಸಂಘದ ಉಳಿತಾಯದ ಹಣ ಸೇರಿಸಿ ಒಂದು ಹಳೇ ಮಾರುತಿ ಓಮ್ನಿ ವ್ಯಾನು ಕೊಂಡೆವು. ಅದು 1999ರ ಗಾಡಿ. ನಮ್ಮ ಹತ್ತಿರ ಬರೋ ಹೊತ್ತಿಗೆ ಮೂರು ಕೈ ದಾಟಿತ್ತು.

ಹೂವಿನ ವ್ಯಾಪಾರ ನಿಮಗೂ ಗೊತ್ತು. ಬೆಳಗಿನ ಜಾವ ನಾಲ್ಕು ಗಂಟೆಗೆ ಇರೋ ಬೆಲೆ ಎಂಟು ಗಂಟೆಗೆ ಇರೋದಿಲ್ಲ. ಹೂವು ಬಾಡುತ್ತೆ. ಬೆಲೆಯೂ ಬಾಡುತ್ತೆ.

2013ರ ಮಾತು. ಆಷಾಢ ಮುಗೀತಾ ಬಂದಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಉಳಿದಿತ್ತು. ವರ್ಷದಲ್ಲಿ ನಾವು ನಾಲ್ಕು ಕಾಸು ನೋಡೋದೇ ಆಗ. ಅಂಥ ಹೊತ್ತಿನಲ್ಲಿ ನಮ್ಮ ವ್ಯಾನು ಸೋತು ಹೋಯ್ತು. ನಿಂತು ಹೋಗಲಿಲ್ಲ. ಓಡುತ್ತೆ, ಆದರೆ ಎಳೆಯೋದಿಲ್ಲ. ಹೂವು ತುಂಬಿಕೊಂಡು ಕೆ.ಆರ್. ಪುರದ ತೂಗುಸೇತುವೆ ಹತ್ತೋ ಹೊತ್ತಿಗೆ ಉಸ್ಸಪ್ಪಾ ಅನ್ನೋದು. ಎರಡನೇ ಗೇರಿಗೆ ಇಳಿಸಿದರೆ ಮಾತ್ರ ಮೇಲೇರೋದು. ಹಿಂದಿನ ಲಾರಿಯವರು ಹಾರನ್ ಹೊಡೆದು ಬೈತಿದ್ದರು. ಒಂದು ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡೀತು. ಪೆಟ್ರೋಲು ಮಾತ್ರ ಮೊದಲಿಗಿಂತ ಹೆಚ್ಚು ಕುಡೀತಿತ್ತು.

ಗಾಡಿ ಓಡಿಸ್ತಿದ್ದವನು ನಮ್ಮಲ್ಲೇ ಒಬ್ಬ ಅಕ್ಕನ ಮಗ. "ಪಿಕಪ್ಪೇ ಇಲ್ಲ ಚಿಕ್ಕಮ್ಮಾ" ಅಂದ. ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿನವರು ಗಾಡಿಯನ್ನು ಒಂದು ಸಲ ಗುರ್ ಅನ್ನಿಸಿ ಕೇಳಿದರು. ಅಷ್ಟೇ.

"ಇಂಜಿನ್ ಹೋಗೈತೆ. ಬಿಚ್ಚಿ ಬೋರ್ ಮಾಡ್ಬೇಕು. ಇಪ್ಪತ್ತೆರಡು ಸಾವಿರ ಆಗುತ್ತೆ. ಹತ್ತು ದಿನ ಬಿಡಿ."

ಹೇಳಿದ್ದು ನಮಗಲ್ಲ, ಆ ಹುಡುಗನಿಗೆ. ಸೀಟು ಎತ್ತಿ ನೋಡಲೂ ಇಲ್ಲ. ಓಮ್ನಿಗೆ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ನಮ್ಮ ಸಂಘದ ಪುಸ್ತಕದಲ್ಲಿ ಆಗ ಇದ್ದದ್ದು ಇಪ್ಪತ್ತಾರು ಸಾವಿರ. ಲೆಕ್ಕ ಬರೆಯುವ ಅಕ್ಕ ಅಕ್ಷರ ಕಲಿತು ಆಗಿನ್ನೂ ಒಂದು ವರ್ಷ. "ಏನು ಕೆಟ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ ಅಣ್ಣಾ" ಅಂದಳು. ಅವರು ನಕ್ಕರು. ನಾವು ಗಾಡಿ ತಿರುಗಿಸಿಕೊಂಡು ಬಂದೆವು.

ಚಿಂತಾಮಣಿ ರಸ್ತೆಯ ಕಡೆ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದರು. ಅವರ ಹತ್ತಿರ ಹೋದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಪ್ರಶ್ನೆ ಕೇಳಿದರು.

"ಒಂದೇ ದಿನದಲ್ಲಿ ಹಿಂಗಾಯ್ತೋ, ನಿಧಾನಕ್ಕೆ ಆಯ್ತೋ?"

"ನಿಧಾನಕ್ಕೆ. ಎರಡು ಮೂರು ತಿಂಗಳಿಂದ."

"ಇಂಜಿನ್ ಜೋರಾಗಿ ಕೂಗಿ ಗಾಡಿ ಮಾತ್ರ ಮುಂದಕ್ಕೆ ಹೋಗೋದಿಲ್ಲವೋ? ಇಲ್ಲಾ ಇಂಜಿನ್ನೇ ಕೂಗೋದಿಲ್ಲವೋ?"

"ಇಂಜಿನ್ನೇ ಮೇಲೇಳೋದಿಲ್ಲ."

"ಹೊಗೆ ಯಾವ ಬಣ್ಣ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಾಡಿಯ ಹಿಂದೆ ನಿಂತು ನೋಡಿದವರು ಯಾರೂ ಇರಲಿಲ್ಲ. ಅವರು ಹುಡುಗನಿಗೆ ಗಾಡಿ ಚಾಲೂ ಮಾಡಿಸಿ ನಮ್ಮನ್ನೇ ಹಿಂದೆ ನಿಲ್ಲಿಸಿದರು. ಕಪ್ಪು ಹೊಗೆ ಬಂತು.

ಈ ಮೂರು ಪ್ರಶ್ನೆ ನಿಮಗೂ ಬೇಕಾಗುತ್ತೆ. ಇವನ್ನು ಕೇಳಿದರೆ ಅರ್ಧ ಕೆಲಸ ಆದ ಹಾಗೆ. ಒಂದೇ ದಿನದಲ್ಲಿ ಬಲ ಹೋದರೆ ವೈರು ಕಳಚಿರಬಹುದು, ಪ್ಲಗ್ ಸತ್ತಿರಬಹುದು, ಪೆಟ್ರೋಲಿಗೆ ನೀರು ಸೇರಿರಬಹುದು. ನಿಧಾನಕ್ಕೆ ಹೋದರೆ ಯಾವುದೋ ಕಟ್ಟಿಕೊಂಡಿದೆ ಅಥವಾ ಸವೆದಿದೆ ಅಂತ ಅರ್ಥ. ಇಂಜಿನ್ ಕೂಗಿಯೂ ಗಾಡಿ ಹೋಗದಿದ್ದರೆ ಕ್ಲಚ್ ಜಾರ್ತಾ ಇದೆ. ಆಗ ಇಂಜಿನ್ ಬಿಚ್ಚುವ ಮಾತೇ ಇಲ್ಲ. ಹೊಗೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಮ್ಮಿ. ನೀಲಿ ಇದ್ದರೆ ಇಂಜಿನ್ ಆಯಿಲ್ ಸುಡ್ತಾ ಇದೆ. ದಟ್ಟ ಬಿಳಿ ಹೊಗೆ ಬಿಡದೆ ಬರ್ತಿದ್ದರೆ ತಂಪಿನ ನೀರು ಒಳಗೆ ಇಳೀತಿದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಬಿಳಿ ಹಬೆಗೆ ಹೆದರಬೇಡಿ.

ಮೇಸ್ತ್ರಿ ಹೇಳಿದರು: "ಇಂಜಿನ್ ಅಂದ್ರೆ ಒಲೆ ಇದ್ದಂಗೆ ಕಣಮ್ಮಾ." ಈ ಮಾತು ನಮಗೆ ತಟ್ಟನೆ ಹಿಡಿಸಿತು. ಒಲೆ ಉರಿಯೋದಕ್ಕೆ ಸೌದೆ ಬೇಕು, ಗಾಳಿ ಬೇಕು, ಬೆಂಕಿಕಡ್ಡಿ ಬೇಕು. ಇಂಜಿನ್ನಿಗೆ ಪೆಟ್ರೋಲು ಸೌದೆ. ಪ್ಲಗ್ಗಿನ ಕಿಡಿ ಬೆಂಕಿಕಡ್ಡಿ. ಒಲೆಗೆ ಬೇಡದ ಇನ್ನೊಂದು ಇಂಜಿನ್ನಿಗೆ ಬೇಕು. ಗಾಳಿ ಪೆಟ್ರೋಲು ಎರಡನ್ನೂ ಪಿಸ್ಟನ್ ಬಿಗಿಯಾಗಿ ಒತ್ತಬೇಕು. ಇದಕ್ಕೆ ಕಂಪ್ರೆಶನ್ ಅಂತಾರೆ. ಸುಟ್ಟ ಹೊಗೆ ಸೈಲೆನ್ಸರಿನಿಂದ ಸಲೀಸಾಗಿ ಹೊರಗೆ ಹೋಗಬೇಕು. ಇಷ್ಟೆಲ್ಲ ಸರಿ ಇದ್ದರೂ ಆ ಬಲ ಚಕ್ರದವರೆಗೆ ಮುಟ್ಟಬೇಕು.

ಆ ವ್ಯಾನಿನಲ್ಲಿ ಮೂರು ಸಿಲಿಂಡರು. ಮೂರು ಒಲೆ ಅಂತ ತಿಳಿಯಿರಿ. ಮೂರೂ ಸೇರಿ ಕೊಡೋದು ಸುಮಾರು 35 ಕುದುರೆಯ ಬಲ ಅಂತೆ. ಒಂದು ಒಲೆ ಆರಿದರೂ ಬಲದಲ್ಲಿ ಮೂರನೇ ಒಂದು ಪಾಲು ಹೋಯ್ತು.

ಈಗ ಅವರು ಕೆಲಸ ಶುರು ಮಾಡಿದರು. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ.

ಮೊದಲು ಟೈರಿನ ಗಾಳಿ ನೋಡಿದರು. ಸರಿ ಇತ್ತು. ಆಮೇಲೆ ಸೀಟು ಎತ್ತಿ ಏರ್ ಫಿಲ್ಟರ್ ತೆಗೆದರು. ಇದು ಮಡಿಕೆ ಮಡಿಕೆಯ ಕಾಗದದ ಜರಡಿ. ಇಂಜಿನ್ನಿಗೆ ಹೋಗೋ ಗಾಳಿಯಿಂದ ಧೂಳು ಸೋಸುತ್ತೆ. ತೋಟದ ಮಣ್ಣು ದಾರಿಯಲ್ಲಿ ದಿನಾ ಓಡಾಡುವ ಗಾಡಿ ನಮ್ಮದು. ಫಿಲ್ಟರನ್ನು ಬಿಸಿಲಿಗೆ ಹಿಡಿದು "ಬೆಳಕು ಕಾಣುತ್ತಾ ನೋಡಿ" ಅಂದರು. ಎಲ್ಲೂ ಕಾಣಲಿಲ್ಲ. ಒಲೆಯ ಬಾಯಿ ಮುಚ್ಚಿದರೆ ಏನಾಗುತ್ತೆ? ಹೊಗೆ ಬರುತ್ತೆ, ಉರಿ ಬರೋದಿಲ್ಲ. ಕಪ್ಪು ಹೊಗೆ ಯಾಕೆ, ಪೆಟ್ರೋಲು ಯಾಕೆ ಹೆಚ್ಚು ಹಿಡೀತು, ಎರಡೂ ತಿಳೀತು. ನಮ್ಮದು ಕಾರ್ಬುರೇಟರ್ ಇದ್ದ ಗಾಡಿ. ಅಂದರೆ ಗಾಳಿ ಪೆಟ್ರೋಲು ಬೆರೆಸುವ ಪಾತ್ರೆ ಅದರಲ್ಲಿತ್ತು. ಅಂಥ ಗಾಡಿಯಲ್ಲಿ ಗಾಳಿ ಕಟ್ಟಿದರೆ ಪೆಟ್ರೋಲು ಅಳತೆ ಮೀರುತ್ತೆ.

ಆಗ ಅವರು ಇನ್ನೊಂದು ಕೇಳಿದರು. "ಹೊಗೆ ತಪಾಸಣೆಯ ಚೀಟಿ ಐತಾ?"

ಇತ್ತು. ಆರು ತಿಂಗಳಿಗೊಂದು ಸಲ ಮಾಡಿಸ್ತಿದ್ದೆವು. ಎಲ್ಲಾ ಚೀಟಿ ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ನಾವು ಅದರಲ್ಲಿ ಓದ್ತಿದ್ದದ್ದು 'ಪಾಸ್' ಅನ್ನೋ ಒಂದೇ ಮಾತು. ಮೇಸ್ತ್ರಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ಸಾಲಿನ ಮೇಲೆ ಬೆರಳಿಟ್ಟರು. ಹಿಂದಿನ ಸಲ 1.1 ಇತ್ತು. ಈ ಸಲ 2.9 ಇತ್ತು. ಅಷ್ಟು ಹಳೇ ಪೆಟ್ರೋಲ್ ಕಾರಿಗೆ ನೂರಕ್ಕೆ 3ರವರೆಗೆ ಬಿಡ್ತಾರೆ. ಹಾಗಾಗಿ ಪಾಸ್. ಒಳಗೆ ಸರಿಯಾಗಿ ಉರೀತಿಲ್ಲ ಅಂತ ಆ ಚೀಟಿ ಎರಡು ತಿಂಗಳ ಹಿಂದೆಯೇ ಹೇಳಿತ್ತು. ನಮ್ಮ ಕವರಿನಲ್ಲೇ ಇತ್ತು. ನಾವು ಓದಿರಲಿಲ್ಲ. ಲೆಕ್ಕ ಬರೆಯುವ ಅಕ್ಕ ಆ ದಿನ ಸಂಜೆವರೆಗೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಹೊಸ ಫಿಲ್ಟರ್ ಹಾಕಿ ಓಡಿಸಿ ನೋಡಿದೆವು. ಸ್ವಲ್ಪ ಚುರುಕಾಯ್ತು. ಪೂರ್ತಿ ಅಲ್ಲ. "ಒಂದೇ ಕಾಯಿಲೆ ಇರಬೇಕು ಅಂತೇನಿಲ್ಲವಲ್ಲ" ಅಂದರು ಮೇಸ್ತ್ರಿ. ಹಳೇ ಗಾಡಿಯಲ್ಲಿ ಇದೇ ಮೋಸ. ಒಂದು ಸಿಕ್ಕಿದ ಕೂಡಲೇ ಹುಡುಕೋದು ನಿಲ್ಲಿಸ್ತೀವಿ.

ಪೆಟ್ರೋಲಿನ ಫಿಲ್ಟರ್ ನೋಡಿದರು. ಅದು ಕಟ್ಟಿದ್ದರೆ ಗಾಡಿ ಖಾಲಿ ಇದ್ದಾಗ ಓಡಿ, ಭಾರ ತುಂಬಿದಾಗ ಮುಕ್ಕರಿಸುತ್ತೆ. ಯಾಕೆ ಅಂದರೆ ಏರಿನಲ್ಲಿ ಹೆಚ್ಚು ಪೆಟ್ರೋಲು ಬೇಕು, ಕೊಳವೆಯಲ್ಲಿ ಅಷ್ಟು ಬರೋದಿಲ್ಲ. ನಮ್ಮದು ಚೆನ್ನಾಗಿತ್ತು.

ಆಮೇಲೆ ಮೂರು ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರು. ಪ್ಲಗ್ಗಿನ ತುದಿಯ ಬಣ್ಣ ನೋಡೋದು ನಾಡಿ ನೋಡಿದ ಹಾಗೆ. ತೆಳು ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲು ಕಮ್ಮಿ, ಬಿಸಿ ಹೆಚ್ಚು. ಎಣ್ಣೆ ಜಿಡ್ಡು ಇದ್ದರೆ ಆಯಿಲ್ ಮೇಲೆ ಹತ್ತಿದೆ. ನಮ್ಮವು ಎರಡು ಒಣ ಮಸಿ. ನಡುವಿನದರಲ್ಲಿ ಸ್ವಲ್ಪ ಜಿಡ್ಡು ಇತ್ತು. ಇಂಜಿನ್ ಓಡುವಾಗ ಪ್ಲಗ್ ವೈರು ಮಾತ್ರ ಮುಟ್ಟಬೇಡಿ. ಜೋರಾಗಿ ಶಾಕ್ ಹೊಡೆಯುತ್ತೆ.

ಜಿಡ್ಡು ನೋಡಿದ ಕೂಡಲೇ ನಮ್ಮ ಎದೆ ಧಸಕ್ ಅಂತು. ಆ ಗ್ಯಾರೇಜಿನವರು ಹೇಳಿದ್ದೇ ನಿಜವಾ? ಬೋರ್ ಮಾಡಿಸಬೇಕಾ?

"ಅದನ್ನ ಬಾಯಲ್ಲಿ ಹೇಳೋದಲ್ಲ, ಅಳೆಯೋದು" ಅಂದರು ಮೇಸ್ತ್ರಿ. ಪ್ಲಗ್ ಇದ್ದ ತೂತಿಗೆ ಒಂದು ಮೀಟರ್ ಸಿಕ್ಕಿಸಿ ಇಂಜಿನ್ ತಿರುಗಿಸಿದರು. ಮುಳ್ಳು ಒಂದು ಅಂಕಿ ತೋರಿಸಿತು. ಪ್ರತಿ ಸಿಲಿಂಡರಿಗೂ ಹೀಗೇ ನೋಡಿದರು. ಅಂಕಿ ಬರೆದುಕೊಂಡದ್ದು ನಾವೇ: 11, 10, 11. ಮೂರರ ನಡುವೆ ವ್ಯತ್ಯಾಸ 1ಕ್ಕಿಂತ ಹೆಚ್ಚಿರಬಾರದು. ನಡುವಿನದು ಒಂದು ಚೂರು ಸೋತಿತ್ತು, ಅಷ್ಟೇ. ತೀರಾ ಕಮ್ಮಿ ಬಂದಿದ್ದರೆ ಆ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೀತಾರೆ. ಅಂಕಿ ಏರಿದರೆ ಪಿಸ್ಟನ್ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅಕ್ಕಂದಿರೇ, ಈ ಅಳತೆ ಹತ್ತೇ ನಿಮಿಷದ ಕೆಲಸ. ಇದನ್ನು ನಿಮ್ಮ ಎದುರಿಗೆ ಮಾಡದೆ ಯಾರಾದರೂ "ಇಂಜಿನ್ ಬಿಚ್ಚಿ" ಅಂದರೆ ಒಪ್ಪಬೇಡಿ.

ಹಾಗಾದರೆ ಉಳಿದ ಬಲ ಎಲ್ಲಿ ಹೋಗ್ತಿದೆ? ಮೇಸ್ತ್ರಿ ಹುಡುಗನನ್ನು ಎರಡು ಮೈಲಿ ಓಡಿಸಿಕೊಂಡು ಬಾ ಅಂದರು. ಬ್ರೇಕ್ ಹೆಚ್ಚು ಒತ್ತಬೇಡ ಅಂದರು. ಬಂದ ಮೇಲೆ ಒಂದು ಲೋಟದಲ್ಲಿ ನೀರು ತಂದು ನಮ್ಮ ಕೈಗೇ ಕೊಟ್ಟರು. "ನಾಕು ಚಕ್ರದ ನಡುವಿನ ಕಬ್ಬಿಣಕ್ಕೂ ಎರಡೆರಡು ಹನಿ ಚಿಮುಕಿಸಿ." ದೋಸೆ ಕಾವಲಿ ಕಾದಿದೆಯಾ ಅಂತ ನೋಡ್ತೀವಲ್ಲ, ಹಾಗೆ. ಮೂರು ಚಕ್ರದಲ್ಲಿ ನೀರು ಸುಮ್ಮನೆ ಇಳೀತು. ಹಿಂದಿನ ಎಡ ಚಕ್ರದಲ್ಲಿ ಚುಂಯ್ ಅಂತು.

ಗಾಡಿ ಜಾಕಿ ಕೊಟ್ಟು ಎತ್ತಿದರು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಆ ಚಕ್ರ ಕೈಯಲ್ಲಿ ತಿರುಗಲೇ ಇಲ್ಲ. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಲಿವರ್ ಇಳಿಸಿದರೂ ಒಳಗೆ ಬ್ರೇಕ್ ಬಿಡ್ತಿರಲಿಲ್ಲ. ಎಷ್ಟು ದಿನದಿಂದಲೋ ನಮ್ಮ ವ್ಯಾನು ಒಂದು ಕಾಲು ಕಟ್ಟಿಕೊಂಡು ಹೂವು ಹೊತ್ತಿತ್ತು!

ಕೇಬಲ್ ಬದಲಾಯಿಸಿದರು. ಬ್ರೇಕ್ ಶೂ ಸವೆದಿತ್ತು, ಅದನ್ನೂ ಹಾಕಿದರು. ಪ್ಲಗ್ ಮೂರೂ ಹೊಸದು. ಫಿಲ್ಟರು, ಕೂಲಿ ಎಲ್ಲಾ ಸೇರಿ ಎರಡು ಸಾವಿರದ ಮುನ್ನೂರು ರೂಪಾಯಿ ಆಯ್ತು. ಬಿಲ್ಲಿನಲ್ಲಿ ಒಂದೊಂದು ಸಾಮಾನಿಗೂ ಒಂದೊಂದು ಸಾಲು. ಹಳೇ ಸಾಮಾನು ಗೋಣಿಚೀಲದಲ್ಲಿ ಹಾಕಿ ನಮಗೇ ಕೊಟ್ಟರು. ನೀವೂ ಕೇಳಿ ತಗೊಳ್ಳಿ. ಮರುದಿನ ಬೆಳಗಿನ ಜಾವ ತೂಗುಸೇತುವೆಯನ್ನು ಮೂರನೇ ಗೇರಿನಲ್ಲಿ ಹತ್ತಿತು. ಹಿಂದೆ ಕೂತಿದ್ದ ನಾವು ಮೂವರೂ ಕೈ ತಟ್ಟಿದೆವು. ಹಬ್ಬದ ವಾರ ಒಂದು ದಿನವೂ ತಡವಾಗಲಿಲ್ಲ.

ಕ್ಲಚ್ ನೋಡೋದು ಹೇಗೆ ಅಂತಲೂ ಮೇಸ್ತ್ರಿ ಹುಡುಗನಿಗೆ ತೋರಿಸಿದರು. ಸಮನಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಡಬೇಕು. ಇಂಜಿನ್ ನಿಂತು ಹೋದರೆ ಕ್ಲಚ್ ಸರಿ ಇದೆ. ನಿಲ್ಲದೆ ಓಡ್ತಾನೇ ಇದ್ದರೆ ಜಾರ್ತಾ ಇದೆ. ಒಂದು ಸಲ ನೋಡಿದರೆ ಸಾಕು. ಮತ್ತೆ ಮತ್ತೆ ಮಾಡಿದರೆ ಒಳ್ಳೇ ಕ್ಲಚ್ಚೂ ಸುಡುತ್ತೆ.

ಆ ಇಂಜಿನ್ ಐದು ವರ್ಷ ನಡೀತು. ನಡುವಿನ ಸಿಲಿಂಡರು ಮಾತ್ರ ವರ್ಷ ವರ್ಷ ಇಳೀತಾ ಬಂತು. 2018ರಲ್ಲಿ ಅದರ ಅಂಕಿ 8ಕ್ಕೆ ಬಂದಾಗ ವ್ಯಾನನ್ನು ಮಾರಿದೆವು. ಕೊಂಡವರಿಗೆ ನಮ್ಮ ಪುಸ್ತಕ ತೋರಿಸಿಯೇ ಮಾರಿದೆವು. ಬೆಲೆ ಸ್ವಲ್ಪ ಕಮ್ಮಿ ಬಂತು. ಮರುವರ್ಷ, 2019ರಲ್ಲಿ, ಕಂಪನಿಯವರು ಓಮ್ನಿ ಮಾಡೋದನ್ನೇ ನಿಲ್ಲಿಸಿದರು.

ಈಗ ಇರೋ ಗಾಡಿಗೆ ಕಾರ್ಬುರೇಟರ್ ಇಲ್ಲ. ಒಂದು ಸಣ್ಣ ಕಂಪ್ಯೂಟರು ಪೆಟ್ರೋಲು ಅಳೆದು ಹಾಕುತ್ತೆ. ಇಂಥ ಗಾಡಿಯಲ್ಲಿ ಏನಾದರೂ ಕೆಟ್ಟರೆ ಸ್ಟಿಯರಿಂಗ್ ಮುಂದೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತೆ. ಮೆಕ್ಯಾನಿಕ್ ಒಂದು ಯಂತ್ರ ಚುಚ್ಚಿದರೆ ಅಂಕಿ ಬರುತ್ತೆ. ಆ ಅಂಕಿಯನ್ನು ಕೇಳಿ ಬರೆದುಕೊಳ್ಳಿ. ಪಿ 0301 ಅಂದರೆ ಒಂದನೇ ಸಿಲಿಂಡರು ಸರಿಯಾಗಿ ಉರೀತಿಲ್ಲ. 0302 ಅಂದರೆ ಎರಡನೆಯದು. ಬ್ರೇಕ್ ಸಿಕ್ಕಿಕೊಂಡರೆ ಮಾತ್ರ ಆ ದೀಪಕ್ಕೆ ತಿಳಿಯೋದಿಲ್ಲ. ಅದಕ್ಕೆ ಲೋಟದ ನೀರೇ ಆಗಬೇಕು.

ಪೆಟ್ರೋಲೂ ಬದಲಾಗಿದೆ. ಅದಕ್ಕೆ ಎಥನಾಲ್ ಬೆರೆಸ್ತಾರೆ. 2025ರ ಹೊತ್ತಿಗೆ ಅದು ನೂರಕ್ಕೆ 20 ಪಾಲು ಆಯ್ತು. ತೀರಾ ಹಳೇ ಗಾಡಿ ಇದ್ದವರು ಪೆಟ್ರೋಲಿನ ರಬ್ಬರ್ ಕೊಳವೆಯನ್ನು ಆಗಾಗ ನೋಡ್ತಿರಿ. ಮೆತ್ತಗಾಗಿದೆಯಾ, ಬಿರುಕು ಬಿಟ್ಟಿದೆಯಾ, ವಾಸನೆ ಬರ್ತಿದೆಯಾ? ಬಂದರೆ ಬದಲಾಯಿಸಿ. ಬೆಂಕಿಯ ಭಯವೂ ಇದೆ.

ನಮ್ಮ ಪುಸ್ತಕದಲ್ಲಿ ಈಗಿನ ಗಾಡಿಗೆ ಬೇರೆ ಪುಟ ಇದೆ. ಮೊನ್ನೆ ಬರೆದ ಸಾಲು ಹೀಗಿದೆ: "ದೀಪ ಹತ್ತಿತು. ಪಿ 0302. ಎರಡನೇ ಪ್ಲಗ್ ಬದಲು. ನೀರು ಚಿಮುಕಿಸಿದ್ದು: ನಾಲ್ಕೂ ಚಕ್ರ ತಣ್ಣಗೆ." ಅಕ್ಷರ ಆ ಹುಡುಗನದಲ್ಲ. ಅವನ ಅಮ್ಮನದು.